ಕೆಂಡದ ಗಡಗಿ

"ಯಾಕ್ರಿ ಅಧ್ಯಕ್ಷರ, ನಿಂತ್ರಲ್ಲ? ನಡೀರಿ ಮುಂದ!"

ಸಂಜೀವಕುಮಾರ ನಡೆಯಲಿಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೆಂಡ ತುಂಬಿದ ಮಣ್ಣಿನ ಗಡಗಿ. ಗಡಗಿಯ ಬಾಯಿಂದ ಒಂದು ಕಿಡಿ ಹಾರಿ ಬಂದು ಅವನ ಹೊಸ ರೇಷ್ಮೆ ಶಲ್ಯದ ಮೇಲೆ ಕೂತು, ತನ್ನಷ್ಟಕ್ಕೆ ಒಂದು ತೂತು ಮಾಡಿಕೊಂಡು ಆರಿತು. ನಾಲ್ಕು ಹೆಜ್ಜೆ ಮುಂದೆ ಊರಬಾಗಿಲು, ಅಗಸಿ. ಅಗಸಿಗೆ ಹೊಸದಾಗಿ ಕಟ್ಟಿದ ಕಮಾನು. ಕಮಾನಿನ ಬುಡದಲ್ಲಿ, ಪಂಚಾಯಿತಿಯವರು ಹಸಿರು ಆಯಿಲ್ ಪೇಂಟು ಬಳಿದ ಕರಿಗಲ್ಲು. ಅವನ ಬೆನ್ನ ಹಿಂದೆ ಇಡೀ ಗವಿನಾಳ: ಎಮ್ಮೆ, ಎತ್ತು, ಆಡು, ಕೋಳಿಪುಟ್ಟಿ, ಟ್ರ್ಯಾಕ್ಟರು, ತೊಟ್ಟಿಲು, ಮುದುಕರು, ಮಕ್ಕಳು. ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ.

"ಮಹೂರ್ತ ನೋಡಾಕತ್ತೇನಿ," ಎಂದ ಸಂಜೀವಕುಮಾರ.

"ಮಹೂರ್ತ ಮುಗದ ಹೋಗೇದ," ಎಂದರು ಪೂಜಾರಿ ವಿಶ್ವರಾಧ್ಯ, ಅವನ ಪಕ್ಕದಲ್ಲೇ ನಿಂತು. "ಇನ್ನ ಕೆಂಡ ಆರೂದು ನೋಡೂದಷ್ಟ ಉಳದದ."

ಗವಿನಾಳ ಇರುವುದು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯ ಎಡಕ್ಕೆ, ಕಾಲುವೆಯ ಆಚೆ. ಐದು ವರ್ಷಕ್ಕೊಮ್ಮೆ ಈ ಊರು ಹೊರಬೀಡು ಹೋಗುತ್ತದೆ. ನಸುಕಿನಲ್ಲೇ ಒಲೆ ಆರಿಸಿ, ಬಾಗಿಲಿಗೆ ಜಾಲಿಮುಳ್ಳು ಇಟ್ಟು, ಊರೆಲ್ಲ ಹೊರಗಿನ ಹೊಲಕ್ಕೆ ಬಂದು ಕೂರುತ್ತದೆ. ಒಂದು ದಿನ ಊರು ಖಾಲಿ ಬಿದ್ದರೆ, ಅಲ್ಲಿ ಸೇರಿಕೊಂಡ ಕೇಡೆಲ್ಲ ಮಾತಿಗೆ ಯಾರೂ ಸಿಗದೆ ಬೇಸತ್ತು ಎದ್ದು ಹೋಗುತ್ತದೆ ಎಂಬುದು ಲೆಕ್ಕ. ಸಂಜೆ ಹೊಲದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರ ಕೆಂಡವನ್ನು ಗಡಗಿಗೆ ತುಂಬಿ, ಈ ಊರಿಗೆ ಮೊಟ್ಟಮೊದಲು ಬಂದು ನೆಲೆನಿಂತ ಮನೆತನದವರು ತಲೆಯ ಮೇಲೆ ಹೊತ್ತು ಕರಿಗಲ್ಲು ದಾಟಬೇಕು. ಅವರ ಕಾಲು ಒಳಗೆ ಬಿದ್ದ ಮೇಲೆಯೇ ಉಳಿದವರ ಕಾಲು. ಗಡಗಿ ದಾರಿಯಲ್ಲಿ ನೆಲಕ್ಕೆ ತಾಗಬಾರದು. ಆಮೇಲೆ ಮನೆಮನೆಗೆ ಕೆಂಡ ಹಂಚಿಕೆಯಾಗುತ್ತದೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸಿದೆ. ಕೆಂಡವನ್ನು ಒಯ್ದು ಸಿಲಿಂಡರಿನ ಪಕ್ಕ ಇಟ್ಟು, ಕೈಮುಗಿದು, ಲೈಟರಿನಿಂದ ಒಲೆ ಹಚ್ಚುತ್ತಾರೆ. ಇಲ್ಲಿಯವರೆಗೆ ಒಂದು ಸಿಲಿಂಡರೂ ಸಿಡಿದಿಲ್ಲವಲ್ಲ, ಅದು ಕೆಂಡದ ಮಹಿಮೆ ಎನ್ನುತ್ತಾರೆ.

ಮೂಲದ ಮನೆತನದವರನ್ನು ಬಿಟ್ಟು ಬೇರೆಯವರು ಮೊದಲು ಕಾಲಿಟ್ಟರೆ? ಅದಕ್ಕೂ ಊರಿನಲ್ಲಿ ಉತ್ತರ ತಯಾರಿದೆ. ನಿಜಾಮರ ಕಾಲದಲ್ಲಿ ಕಂದಾಯ ವಸೂಲಿಯ ಒಬ್ಬ ಗಿರ್ದಾವರ ಸಾಹೇಬ ಇದೆಲ್ಲ ನಡೆಯುವುದಿಲ್ಲ ಎಂದು ಕುದುರೆಯ ಮೇಲೆ ನೇರ ಒಳಗೆ ಹೋದನಂತೆ. ಮೊದಲು ಕುದುರೆ ಸತ್ತಿತು. ಆಮೇಲೆ ಗಿರ್ದಾವರನ ಮನೆಯಲ್ಲಿ ಹುಟ್ಟಬೇಕಾಗಿದ್ದ ಕೂಸು ಹೋಯಿತು. ಆಮೇಲೆ ಗಿರ್ದಾವರ ಹೋದ. ಕೊನೆಗೆ ನಿಜಾಮರ ರಾಜ್ಯವೇ ಹೋಯಿತು. ಇಂಡಿಯಾದ ಫೌಜು ಬಂದದ್ದು ನೆಪಕ್ಕೆ.

ಸಂಜೀವಕುಮಾರ ಈ ಕತೆಯನ್ನು ಎಷ್ಟು ಸಲ ಕೇಳಿ ನಕ್ಕಿದ್ದನೋ. ಈಗ ಅವನಿಗೆ ಕುದುರೆ ನೆನಪಾಗುತ್ತಿರಲಿಲ್ಲ, ನಿಜಾಮನೂ ನೆನಪಾಗುತ್ತಿರಲಿಲ್ಲ. ನಡುವಿನ ಆ ಕೂಸೊಂದೇ ನೆನಪಾಗುತ್ತಿತ್ತು. ಹಿಂದೆ ನಿಂತ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಗಾದಿಯ ಮೇಲೆ, ಅವನ ಒಬ್ಬಳೇ ಮಗಳು ಮೌನಿಕಾ ಕಾಲು ಚಾಚಿ ಕೂತಿದ್ದಳು. ಅವಳಿಗೆ ದಿನ ತುಂಬಿದ್ದವು.

ಅವನು ಈ ಗಡಗಿಯ ಕೆಳಗೆ ಬಂದು ನಿಂತದ್ದು ಹೀಗೆ.

ಗವಿನಾಳ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಅವನ ಹೆಂಡತಿ ನಾಗಲಕ್ಷ್ಮಿ. ಆದರೆ ಊರು ಅಧ್ಯಕ್ಷರೆಂದು ಕರೆಯುವುದು ಇವನನ್ನು. ಅವಳು ಸಹಿ ಹಾಕುತ್ತಾಳೆ, ಇವನು ಎಲ್ಲಿ ಎಂದು ಬೆರಳಿಟ್ಟು ತೋರಿಸುತ್ತಾನೆ. ಮುಂದಿನ ಸಲ ಜಿಲ್ಲಾ ಪಂಚಾಯಿತಿಗೆ ನಿಲ್ಲುವ ಆಸೆ ಅವನಿಗೆ ಹುಟ್ಟಿದಾಗ, ಯಾದಗಿರಿಯಲ್ಲಿ ಪಾರ್ಟಿಯ ಜಿಲ್ಲಾ ಮುಖಂಡರು ಕೇಳಿದ್ದರು: "ನಿಮ್ಮ ಮನಿತನದ್ದು ಏನರ ಹಿನ್ನೆಲೆ ಐತೇನ್ರಿ?" ಸಂಜೀವಕುಮಾರನ ಅಪ್ಪ ಕಾಲುವೆ ತೋಡುವಾಗ ಗುತ್ತೇದಾರನೊಬ್ಬನ ಮುನ್ಷಿಯಾಗಿ ಬಂದವನು. ಕಾಲುವೆ ಮುಗಿದರೂ ಅವನು ಹೋಗಲಿಲ್ಲ, ಅಷ್ಟೇ ಹಿನ್ನೆಲೆ. ಅದನ್ನು ಹೇಳಿಕೊಂಡು ಟಿಕೆಟು ಕೇಳಲಾಗುತ್ತದೆಯೆ? ಸಂಜೀವಕುಮಾರ ಊರಿಗೆ ಬಂದು ಒಂದು ಕಮಾನು ಮಂಜೂರು ಮಾಡಿಸಿದ. 'ಗವಿನಾಳ ಸಂಸ್ಥಾಪಕ, ಮೂಲಪುರುಷ ವೀರ ಭೀಮರಾಯ ಮಹಾದ್ವಾರ.' ಭೀಮರಾಯ ಅವನ ಅಜ್ಜನ ಹೆಸರು. ಅಜ್ಜ ಹುಣಸಗಿಯ ಸಂತೆಯಲ್ಲಿ ಶೇಂಗಾ ಎಣ್ಣೆ ಮಾರುತ್ತಿದ್ದವನು, ಗವಿನಾಳಕ್ಕೆ ಬಂದದ್ದು ಒಮ್ಮೆ ಮಾತ್ರ, ಅದೂ ಎಮ್ಮೆ ತಪ್ಪಿಸಿಕೊಂಡಿದೆಯೆಂದು ಹುಡುಕಿಕೊಂಡು.

ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಕಮಾನು ಬಂದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಬಸ್ಸು ಒಳಗೇ ಬರುತ್ತದೆ. ಮೂಲಪುರುಷ ಯಾರಾದರೇನು, ಅವನೇನು ಬಸ್ಸು ಹತ್ತುತ್ತಾನೆಯೆ?

ಕಮಾನಿನ ಮೇಲೆ ಮೂರ್ತಿಯೂ ಆಯಿತು. ಶಹಾಪುರದ ಶಿಲ್ಪಿ, "ಮುನ್ನೂರ ವರ್ಷದ ಹಿಂದಿನ ಮನಷ್ಯಾನ ಫೋಟೊ ಐತೇನ್ರಿ?" ಎಂದು ಕೇಳಿದ. ಸಂಜೀವಕುಮಾರ ಚುನಾವಣೆಯ ಪೋಸ್ಟರು ಕೊಟ್ಟ. ಅದರಲ್ಲಿ ನಾಗಲಕ್ಷ್ಮಿಯ ಫೋಟೊ ಅಂಚೆಚೀಟಿಯಷ್ಟಿತ್ತು, ಉಳಿದದ್ದೆಲ್ಲ ಇವನೇ. ಶಿಲ್ಪಿ ಕಂಡದ್ದನ್ನು ಕಂಡ ಹಾಗೆ ಕೆತ್ತಿದ. ಹಾಗಾಗಿ ಈಗ ವೀರ ಭೀಮರಾಯ, ಸೊಂಟದಲ್ಲಿ ಕತ್ತಿ ಇದ್ದರೂ ಎರಡೂ ಕೈ ಜೋಡಿಸಿ, ಹಲ್ಲು ಕಾಣುವಂತೆ ನಕ್ಕು, ಅಂದಿನ ಕಾಡಿನ ಹುಲಿ ಕರಡಿಗಳ ಹತ್ತಿರ ಮತ ಕೇಳುತ್ತಿರುವಂತೆ ನಿಂತಿದ್ದಾನೆ. ಬಲಗೈಯಲ್ಲಿ ಕೈಗಡಿಯಾರವೂ ಬಂದುಬಿಟ್ಟಿತ್ತು. ಅದನ್ನು ಉಜ್ಜಿ ಕಡಗ ಮಾಡಿಸಬೇಕಾಯಿತು.

ಕಮಾನಿನ ಕೆಲಸ ಶುರುವಾದಾಗ ಎದ್ದು ನಿಂತು ಮಾತಾಡಿದವಳು ದುರಗಮ್ಮ ಒಬ್ಬಳೇ. ಅವಳ ಮನೆತನಕ್ಕೆ ಊರಿಟ್ಟ ಹೆಸರೇ ಗಡಗಿಯವರು. ಅಗಸಿಯ ಮಗ್ಗುಲಲ್ಲೇ ಅವರ ಮನೆ, ಮನೆಯ ಮುಂದೆ ಕಲ್ಲಿನ ಕಟ್ಟೆ. ಹೊರಬೀಡಿನಿಂದ ತಂದ ಗಡಗಿಯನ್ನು ಮೊದಲು ಇಳಿಸುವುದು ಆ ಕಟ್ಟೆಯ ಮೇಲೆ. ಅಪ್ಪ ಮರಿಲಿಂಗಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಅವನ ಕಾಲಾನಂತರ ದುರಗಮ್ಮನೇ ಹೊರುತ್ತ ಬಂದಿದ್ದಳು. ಉಳಿದ ದಿನ ಗಂಡ ಸಾಬಣ್ಣನ ಜೊತೆ ಅದೇ ಕಟ್ಟೆಯ ಮೇಲೆ ಮಿರ್ಚಿ ಭಜಿ ಕರಿಯುವುದು ಅವಳ ಕಸುಬು. ಕಮಾನಿನ ಬುನಾದಿಗೆಂದು ಜೆಸಿಬಿ ಬಂದು ಆ ಕಟ್ಟೆಯನ್ನು ಕಿತ್ತು ಹಾಕಿತ್ತು.

"ಮೂಲದವರ ಹೆಸರ್ಲೆ ಕಮಾನ ಕಟ್ಟಾಕ ಮೂಲದವರ ಕಟ್ಟಿ ಕೀಳತೀರೇನ್ರಿ?" ಎಂದು ಗ್ರಾಮಸಭೆಯಲ್ಲಿ ಅವಳು ಕೇಳಿದ್ದಳು. "ಊರ ಹುಟ್ಟಿದಾಗಿಂದ ಗಡಗಿ ಹೊತ್ತವರು ನಾವು."

ಸಂಜೀವಕುಮಾರ ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡು ಹೇಳಿದ್ದ: "ಯಕ್ಕಾ, ಗಡಗಿ ಹೊತ್ತವರೆಲ್ಲ ಮೂಲದವರಾದ್ರ, ಮದುವ್ಯಾಗ ಅಡಗಿ ಮಾಡೋರ ಹೆಸರ್ಲೆ ದಿನಾ ಒಂದ ಕಮಾನ ಕಟ್ಟಬೇಕಾಗತೈತಿ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಹಿಂದಿನ ಸಾಲಿನವರು ಮುಂದಿನವರನ್ನು ಏನಂದ ಏನಂದ ಎಂದು ಕೇಳಿ ಇನ್ನೊಮ್ಮೆ ನಕ್ಕಿದ್ದರು. ದುರಗಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಎಡವಟ್ಟಾದದ್ದು ಇಲ್ಲಿ. ಮೂಲಪುರುಷನ ಮೊಮ್ಮಗನಾಗುವಾಗ ಸಂಜೀವಕುಮಾರನ ಕಣ್ಣ ಮುಂದೆ ಇದ್ದದ್ದು ಹಾರ, ಶಾಲು, ಪೇಪರಿನಲ್ಲಿ ಫೋಟೊ. ಗಡಗಿ ಅವನ ನೆನಪಿಗೇ ಬಂದಿರಲಿಲ್ಲ. ಅದನ್ನು ಎಂದಿನಂತೆ ದುರಗಮ್ಮ ಹೊರುತ್ತಾಳೆ ಅಂದುಕೊಂಡಿದ್ದ. ಕೆಲಸ ಅವರದು, ಹೆಸರು ತನ್ನದು. ಮನೆಯಲ್ಲೂ ಪಂಚಾಯಿತಿಯಲ್ಲೂ ಅವನಿಗೆ ಅದೇ ರೂಢಿ. ಇವತ್ತು ಸಂಜೆ ಹೊಲದಲ್ಲಿ ಪೂಜಾರಿ ಗಡಗಿಗೆ ಕುಂಕುಮ ಹಚ್ಚಿ, "ಮೂಲದವರು ಬರ್ರಿ," ಎಂದು ಕೂಗಿದಾಗ ದುರಗಮ್ಮ ಕೂತಲ್ಲಿಂದ ಏಳಲಿಲ್ಲ. ಊರೆಲ್ಲ ಕಮಾನಿನ ಕಡೆ ನೋಡಿ, ಆಮೇಲೆ ಸಂಜೀವಕುಮಾರನ ಕಡೆ ನೋಡಿತು. ಅವನ ಕಾಲುಗಳು ತಾವಾಗಿಯೇ ಮುಂದೆ ಹೋದವು. ತಲೆಯ ಮೇಲೆ ಗಡಗಿ ಬಂದ ಮೇಲೆಯೇ ಅವನಿಗೆ ಗಿರ್ದಾವರ ನೆನಪಾದದ್ದು.

"ನನ್ನ ಬಿ.ಪಿ. ಗುಳಿಗಿ ಮನ್ಯಾಗ ಉಳದಾವಪಾ," ಎಂದು ಹಣಮಂತ್ರಾಯ ಮುದುಕ ಗುಂಪಿನ ಮುಂದೆ ಬಂದು ಹೇಳಿದ. "ನೀ ಜಲ್ದಿ ಒಳಗ ಹೋಗು, ಇಲ್ಲಾ ನನ್ನ ಮಣ್ಣಿಗೆ ತಯಾರಿ ಮಾಡು."

"ಸಾಹೇಬ್ರು ಬರಲಿ ಕಾಕಾ. ಕಮಾನ ಉದ್ಘಾಟನೆಗೆ ಬರಾಕತ್ತಾರ. ಅವರ ಮೊದಲ ಕಾಲಿಡಲಿ, ದೊಡ್ಡವರು."

ಒಂದು ಕೈಯಿಂದ ಗಡಗಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು ಕಿವಿಗೊತ್ತಿಕೊಂಡು ಸಂಜೀವಕುಮಾರ ಜಿಲ್ಲಾ ಮುಖಂಡರಿಗೆ ಫೋನು ಹಚ್ಚಿದ. ಅವರ ಗಾಡಿ ಶಹಾಪುರ ದಾಟಿತ್ತು. ಆದರೆ ಗಾಡಿಯ ಡ್ರೈವರು ಗವಿನಾಳದ ಪಕ್ಕದ ಊರಿನವನು. ದಾರಿಯುದ್ದಕ್ಕೂ ಗಿರ್ದಾವರನ ಕತೆ ಹೇಳಿಕೊಂಡು ಬರುತ್ತಿದ್ದ.

"ನೀವು ಒಳಗ ಹೋಗಿ ಎಲ್ಲಾ ಸುರಳೀತ ಆದ ಮ್ಯಾಲ ಒಂದ ಫೋನ್ ಮಾಡ್ರಿ," ಎಂದರು ಮುಖಂಡರು. "ಅಲ್ಲೀತನಕಾ ನಾವು ಇಲ್ಲೇ ಧಾಬಾದಾಗ ಚಾ ಕುಡಿಯಾಕತ್ತಿರ್ತೀವಿ. ನಿಮ್ಮೂರಿನ ಪದ್ಧತಿಗೆ ನಾವು ಭಾಳ ಗೌರವ ಕೊಡತೀವ್ರಿ."

ಫೋನು ಜೇಬಿಗಿಟ್ಟು ಸಂಜೀವಕುಮಾರ ಹೆಂಡತಿಯ ಕಡೆ ತಿರುಗಿದ. ನಾಗಲಕ್ಷ್ಮಿ ಟ್ರಾಲಿಯ ಪಕ್ಕ ನಿಂತು ಮಗಳಿಗೆ ಗಾಳಿ ಬೀಸುತ್ತಿದ್ದಳು.

"ಏ, ಇಲ್ಲಿ ಬಾ. ಕಾನೂನ ಪ್ರಕಾರ ಊರಿಗೆ ಅಧ್ಯಕ್ಷೆ ಯಾರು?"

"ಯಾರು?" ಎಂದು ಕೇಳಿದಳು ನಾಗಲಕ್ಷ್ಮಿ. ಅವಳಿಗೆ ನಿಜವಾಗಿಯೂ ಕುತೂಹಲವಾಗಿತ್ತು.

"ನೀನಾ. ಪ್ರಥಮ ಪ್ರಜೆ ಅಂದ್ರ ನೀನಾ. ಪ್ರಥಮ ಪ್ರಜೆ ಪ್ರಥಮ ಕಾಲಿಡಬೇಕು."

"ಎರಡ ವರ್ಷದಾಗ ಇವತ್ತ ನೆಪ್ಪಾತೇನು ನಿಮಗ?" ನಾಗಲಕ್ಷ್ಮಿ ಬೀಸಣಿಗೆ ನಿಲ್ಲಿಸಲಿಲ್ಲ. "ನಾ ಮುದನಾಳದಾಕಿ. ಹೊರಗಿಂದ ಬಂದಾಕಿ. ನಿಮ್ಮ ಮನಿತನ ನೋಡ್ರಿ ಮೂಲದ್ದು. ಮ್ಯಾಲ ನಿಂತಾರಲ್ಲ ನಿಮ್ಮ ಮುತ್ಯಾ, ಕೈ ಮುಗಕೊಂಡು. ಅವರನ್ನ ಕೇಳ್ರಿ."

ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಸಂಜೀವಕುಮಾರನಿಗೆ ಇನ್ನೊಂದು ಉಪಾಯ ಹೊಳೆಯಿತು. ಪಂಚಾಯಿತಿಯ ಕಸದ ಗಾಡಿ ಅಲ್ಲೇ ನಿಂತಿತ್ತು. ಅದನ್ನು ನ್ಯೂಟ್ರಲ್ಲಿಗೆ ಹಾಕಿ ಹಿಂದಿನಿಂದ ನೂಕಿದರೆ ಗಾಡಿ ಮೊದಲು ಒಳಗೆ ಹೋದಂತಾಗುತ್ತದೆ, ಮನುಷ್ಯರ ಕಾಲು ಆಮೇಲೆ. ಕೇಡು ಬಡಿದರೆ ಗಾಡಿಗೆ ಬಡಿಯಲಿ. ಹೇಗೂ ಅದರ ಕ್ಲಚ್ಚು ಹೋಗಿದೆ.

ವಿಶ್ವರಾಧ್ಯರು ಕಣ್ಣು ಮುಚ್ಚಿ ಗಂಭೀರವಾಗಿ ಯೋಚಿಸಿದರು. "ಗಾಡಿ ಯಾರ ಹೆಸರಿನ ಮ್ಯಾಲ ಅದ?"

"ಗ್ರಾಮ ಪಂಚಾಯ್ತಿ ಅಧ್ಯಕ್ಷರ ಹೆಸರಿನ ಮ್ಯಾಲ."

"ಹಂಗಾದ್ರ ಸುತ್ತಿ ಬಳಸಿ ನಿಮ್ಮ ಮನಿಗೇ ಬಂತಲ್ರೀ," ಎಂದರು ಪೂಜಾರಿ.

ಸೂರ್ಯ ಕಾಲುವೆಯ ಏರಿಯ ಹಿಂದೆ ಇಳಿಯತೊಡಗಿದ. ಎಮ್ಮೆಗಳು ಹಾಲು ಹಿಂಡುವ ಹೊತ್ತಾಯಿತೆಂದು ಒದರತೊಡಗಿದವು. ಒಳಗೆ ಖಾಲಿ ಊರಿನಲ್ಲಿ ಯಾರದೋ ಮನೆಯ ಅಲಾರಾಂ ಗಡಿಯಾರ ಒಂದೇ ಸಮನೆ ಬಡಿದುಕೊಂಡು ತಾನೇ ಸುಮ್ಮನಾಯಿತು. ನೆತ್ತಿ ಕಾಯುತ್ತಿತ್ತು. ಗಡಗಿಯನ್ನು ನೆಲಕ್ಕೆ ಇಳಿಸುವಂತಿಲ್ಲ, ಬೇರೆಯವರ ತಲೆಗೆ ದಾಟಿಸೋಣವೆಂದರೆ ಅವನು ಹತ್ತಿರ ಬಂದಂತೆಲ್ಲ ಜನ ಹಿಂದೆ ಸರಿದು ದಾರಿ ಬಿಡುತ್ತಿದ್ದರು. ಇಷ್ಟು ಮರ್ಯಾದೆಯಿಂದ ಊರು ಅವನಿಗೆ ಎಂದೂ ದಾರಿ ಬಿಟ್ಟಿರಲಿಲ್ಲ.

ಆ ದಾರಿ ನೇರವಾಗಿ ಹೋಗಿ ಮುಟ್ಟಿದ್ದು ದುರಗಮ್ಮನ ಬಾಣಲೆಗೆ.

ಅಗಸಿಯ ಹೊರಗಿನ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ದುರಗಮ್ಮ ಮಿರ್ಚಿ ಕರಿಯುತ್ತಿದ್ದಳು. ಹೊರಗೆ ಒಲೆ ಹಚ್ಚಲು ಅಡ್ಡಿಯಿರಲಿಲ್ಲ. ಹಸಿದ ಊರು ಸಾಲುಗಟ್ಟಿ ನಿಂತಿತ್ತು. ಸಾಬಣ್ಣ ಮೆಣಸಿನಕಾಯಿ ಸೀಳಿ ಸೀಳಿ ಕೊಡುತ್ತಿದ್ದ. ಪಕ್ಕದ ಗೋಣಿತಟ್ಟಿನ ಮೇಲೆ, ಯಾವಾಗ ಇಳಿದು ಬಂದಳೋ, ಮೌನಿಕಾ ಕೂತಿದ್ದಳು. ಕೈಯಲ್ಲಿ ಪೇಪರು, ಪೇಪರಿನಲ್ಲಿ ಭಜಿ.

"ನಿನಗ ಖಾರ ಇಲ್ಲದ್ದು ಮಾಡೀನಿ, ತಿನ್ನವ್ವಾ," ಎನ್ನುತ್ತಿದ್ದಳು ದುರಗಮ್ಮ ಅವಳಿಗೆ. "ಬ್ಯಾನಿ ಬಂದ್ರ ಫಿಕೀರ ಮಾಡಬ್ಯಾಡ. ಹುಣಸಗಿ ದವಾಖಾನಿಗೆ ಹೋಗೂ ರಸ್ತೆ ಹೊರಗಡೀನ ಐತಿ. ಒಳಗ ಇದ್ದಿದ್ರ ನಿಮ್ಮಪ್ಪನ ಕಮಾನ ಕೆಳಗ ಗಾಡಿ ಸಿಗಬೀಳತಿತ್ತು."

ಸಂಜೀವಕುಮಾರ ಕೆಮ್ಮಿದ. ತಲೆ ತಗ್ಗಿಸಿ ಮಾತಾಡಬೇಕಾದ ಹೊತ್ತು, ಆದರೆ ಗಡಗಿ ಇದ್ದುದರಿಂದ ತಲೆ ತಗ್ಗಿಸಲು ಬರುತ್ತಿರಲಿಲ್ಲ. ಹಾಗಾಗಿ ಕತ್ತು ಸೆಟೆಸಿಕೊಂಡೇ ಬೇಡಿಕೊಂಡ.

"ಯಕ್ಕಾ."

"ಎಷ್ಟ ಪ್ಲೇಟ?"

"ಭಜಿ ಅಲ್ಲ ಯಕ್ಕಾ. ಈ ಗಡಗಿ... ನಿಮ್ಮದು ಐತಲ್ಲ, ಹಿಂದಿಂದ."

"ಹೌದಾ? ಸಭಾದಾಗ ಬ್ಯಾರೆ ಕೇಳಿದಂಗಿತ್ತು." ಅವಳು ತೂತಿನ ಜಾರಿಯಿಂದ ಭಜಿ ತಿರುವಿ ಹಾಕಿದಳು. "ಏನ್ರೀ, ನಿಮಗ ನೆಪ್ಪೈತೇನು?"

"ಅಡಗಿ ಮಾಡೋರ ಕಮಾನ ಅಂದಂಗಿತ್ತು," ಎಂದ ಸಾಬಣ್ಣ, ಮೆಣಸಿನಕಾಯಿಯಿಂದ ಕಣ್ಣೆತ್ತದೆ.

"ನಿಮಗ ಶಾಲು ಹೊದಸ್ತೀನಿ. ಸ್ಟೇಜಿನ ಮ್ಯಾಲ, ಸಾಹೇಬ್ರ ಬಾಜೂಕ ಕುರ್ಚಿ."

"ಎಣ್ಣಿ ಮುಂದ ಶಾಲು ಹೊದ್ದರ ಉರಿ ಹತ್ತತೈತಿ."

"ಕಟ್ಟಿ ಕಟ್ಟಿಸಿ ಕೊಡತೀನಿ. ಟೈಲ್ಸ ಹಾಕಿಸಿ."

"ಟೈಲ್ಸ ಮ್ಯಾಲ ಕೆಂಡ ಇಟ್ರ ಸಿಡೀತಾವು."

ಸಂಜೀವಕುಮಾರನ ಕಣ್ಣಿಗೆ ಬೆವರು ಇಳಿಯುತ್ತಿತ್ತು. ಅವನು ಮಗಳ ಕಡೆ ನೋಡಿದ. ಮೌನಿಕಾ ಭಜಿ ಕಡಿಯುವುದು ಬಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಪ್ಪ ಈಗ ಏನು ಹೇಳುತ್ತಾನೆ ಎಂದು ಕಾಯುತ್ತಿದ್ದಳು. ಅವನ ದನಿ ಸಣ್ಣದಾಯಿತು.

"ಯಕ್ಕಾ, ನನ್ನ ಮಗಳನ್ನ ನೋಡು. ನನಗ ಏನರ ಆಗಲಿ. ಅಕಿ ಹೊಟ್ಟ್ಯಾಗಿನ ಕೂಸಿನ ಸಲುವಾಗಿ ಕೇಳಾಕತ್ತೇನಿ. ಕಮಾನದ ಮ್ಯಾಲಿನ ಹೆಸರ ತಗಸ್ತೀನಿ. ನಿಮ್ಮ ಹಿರ್ಯಾರ ಹೆಸರ ಹಾಕಸ್ತೀನಿ. ಆಣಿ ಮಾಡತೀನಿ."

ದುರಗಮ್ಮ ಮೊದಲ ಸಲ ಅವನ ಮುಖ ನೋಡಿದಳು. ಜಾರಿಯನ್ನು ಬಾಣಲೆಯ ಅಂಚಿಗೆ ಒರಗಿಸಿಟ್ಟಳು.

"ನಕ್ಕಿದ್ದು ಮೈಕಿನ್ಯಾಗ," ಎಂದಳು.

ಉದ್ಘಾಟನೆಗೆಂದು ತಂದ ಧ್ವನಿವರ್ಧಕದ ಟಂಟಂ ಆಟೊ ಅಲ್ಲೇ ಇತ್ತು. ಸಂಜೀವಕುಮಾರ ಹೋಗಿ ಮೈಕು ಹಿಡಿದ. ಎರಡು ಸಲ ಊದಿದ. ಕೈಗೆ ಮೈಕು ಬಂದೊಡನೆ ಅವನ ಬಾಯಿಗೆ ಅದರ ಭಾಷೆಯೂ ಬಂತು.

"ಗವಿನಾಳ ಗ್ರಾಮದ ಸಮಸ್ತ ನಾಗರಿಕ ಬಂಧುಗಳಲ್ಲಿ ಪ್ರಕಟಣೆ. ಸದರಿ ಮಹಾದ್ವಾರದಲ್ಲಿ ಮೂಲಪುರುಷರ ಹೆಸರನ್ನು ನಮೂದಿಸುವ ಸಂದರ್ಭದಲ್ಲಿ, ಕೆಲವು ತಾಂತ್ರಿಕ ಕಾರಣಗಳಿಂದಾಗಿ, ಮನೆತನವು ಅದಲುಬದಲಾಗಿರುವುದು ಗಮನಕ್ಕೆ ಬಂದಿದ್ದು..."

"ಕನ್ನಡದಾಗ ಹೇಳೋ ತಮ್ಮಾ!" ಎಂದು ಹಣಮಂತ್ರಾಯ ಕೂಗಿದ.

ಮೈಕು ಕುಯ್ಯೆಂದಿತು. ಸಂಜೀವಕುಮಾರ ಕಮಾನಿನ ಕಡೆ ನೋಡಿದ. ಅಲ್ಲಿಂದ ತನ್ನದೇ ಮುಖ ಕೈಮುಗಿದು ನಗುತ್ತಿತ್ತು.

"ನಮ್ಮಪ್ಪ ಕಾಲುವಿ ಕೆಲಸಕ್ಕ ಬಂದಾಂವ," ಎಂದ. "ನಮ್ಮ ಮುತ್ಯಾ ಎಣ್ಣಿ ಮಾರತಿದ್ದ. ಈ ಊರಿಗೆ ಮೊದಲ ಬಂದವರು ಗಡಗಿಯವರು. ನಾವಲ್ಲ."

ಅವನು ನಗು ಬರುತ್ತದೆ ಎಂದು ಕಾದ. ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ, "ಅದು ಗೊತ್ತೈತಿ ಬಿಡ್ರಿ, ಮುಂದಿಂದು ಹೇಳ್ರಿ," ಎಂದರು. ಇನ್ನೊಬ್ಬರು ಕೆಂಡ ಆರಿದರೆ ನಾಳೆ ಇನ್ನೊಮ್ಮೆ ಹೊರಬೀಡು ಮಾಡಬೇಕಾಗುತ್ತದೋ ಏನೋ ಎಂದು ಪೂಜಾರಿಯನ್ನು ಕೇಳಿದರು. ಮಾಡಬೇಕಾಗುತ್ತದೆ ಎಂದರು ವಿಶ್ವರಾಧ್ಯರು. ಆಗ ಮಾತ್ರ ಊರಿಗೆ ಬಿಸಿ ತಾಗಿತು. ಎಲ್ಲರೂ ಒಮ್ಮೆಲೇ ಬೇವಿನ ಮರದ ಕಡೆ ತಿರುಗಿದರು.

"ಏಳವ್ವಾ ದುರಗವ್ವಾ, ನಿಮ್ಮ ಹಕ್ಕು ನಿಮಗ ಬಂತಲ್ಲ!"

"ಊರಿಗೆ ದೊಡ್ಡ ಮನಿತನ ಅಂದ್ರ ನಿಮ್ಮದಾ ನೋಡ, ಯಾರ ಇಲ್ಲಂತಾರ?"

"ನಾವೇನರ ಅಂದೇವೇನು ಯಕ್ಕಾ? ಅಂದಾಂವ ಅವನಾ!"

ಯಾರೋ ಶಾಲು ತಂದರು. ಯಾರೋ ಮುಖಂಡರಿಗೆಂದು ಇಟ್ಟಿದ್ದ ಹಾರ ತಂದರು. ಸಂಜೀವಕುಮಾರ ಎರಡೂ ಕೈಯಿಂದ ಗಡಗಿಯನ್ನು ತಲೆಯಿಂದ ಎತ್ತಿ, ಬೆರಳು ಸುಡುತ್ತಿದ್ದರೂ ಬಿಡದೆ, ಮೊಣಕಾಲೂರಿ ದುರಗಮ್ಮನ ಮುಂದೆ ಹಿಡಿದ. ಕೆಂಡದ ಮೇಲೆ ಬೂದಿ ಕಟ್ಟತೊಡಗಿತ್ತು. ಅಡಿಯಲ್ಲಿ ಇನ್ನೂ ಕೆಂಪಿತ್ತು.

ದುರಗಮ್ಮ ಕೆಂಡ ನೋಡಿದಳು. ಶಾಲು ನೋಡಿದಳು. ಶಾಲಿನ ಹಿಂದೆ ಹಲ್ಲು ಕಿರಿದುಕೊಂಡು ಸಾಲಾಗಿ ನಿಂತಿದ್ದ ಮುಖಗಳನ್ನು ನೋಡಿದಳು. ಗ್ರಾಮಸಭೆಯಲ್ಲಿ ಮುಂದಿನ ಸಾಲಿನಲ್ಲಿದ್ದವರು ಇಲ್ಲೂ ಮುಂದೆಯೇ ಇದ್ದರು. ಏನಂದ ಏನಂದ ಎಂದು ಕೇಳಿ ಎರಡನೆಯ ಸಲ ನಕ್ಕವರು ಅವರ ಹಿಂದೆ ಇದ್ದರು.

"ಅವತ್ತು ಅಂವ ಒಬ್ಬನಾ ನಕ್ಕಿದ್ದಿಲ್ಲ," ಎಂದಳು.

ಬಾಣಲೆಯಲ್ಲಿದ್ದ ಭಜಿ ಕಪ್ಪಾಗುತ್ತಿದ್ದವು. ಅವಳು ಜಾರಿ ಎತ್ತಿಕೊಂಡು ಅವನ್ನು ತೆಗೆದು, ಎಣ್ಣೆ ಬಸಿದು, ಪೇಪರಿನ ಮೇಲೆ ಹಾಕಿದಳು. ಗಂಡನ ಕಡೆ ಕೈಚಾಚಿದಳು. ಸಾಬಣ್ಣ ಸೀಳಿದ ಮೆಣಸಿನಕಾಯಿ ಕೊಟ್ಟ. ಅವಳು ಅದನ್ನು ಹಿಟ್ಟಿನಲ್ಲಿ ಅದ್ದಿದಳು.

"ಯಕ್ಕಾ, ಗಡಗಿ ಹಿಡೀರಿ," ಎಂದ ಸಂಜೀವಕುಮಾರ. "ಕೈ ಸುಡಾಕತ್ತಾವು."

"ಒಲ್ಲೆ," ಎಂದಳು ದುರಗಮ್ಮ.